ಅನ್ಯಲೋಹಯುಕ್ತ ಕಬ್ಬಿಣ-ಗಂಧಕ ಗುಚ್ಛಗಳು: ಸಂಶ್ಲೇಷಣೆ ಮತ್ತು ಸ್ವರೂಪನಿರ್ಣಯದ ಒಂದು ವಿಮರ್ಶೆ

ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಕೂಡಿ ರಚಿಸುವ ಗುಚ್ಛಗಳಲ್ಲಿ ಮತ್ತೊಂದು ಲೋಹವನ್ನು ಸೇರಿಸಿ ಸಿದ್ಧಪಡಿಸಿದ ಸಂಯುಕ್ತಗಳ ವಿಷಯವಾಗಿ 1978ರಿಂದ ಈಚೆಗೆ ಬೆಳೆದಿರುವ ಸಾಹಿತ್ಯವು ವಿಪುಲವಾದುದು. ಅದನ್ನೆಲ್ಲ ಇಲ್ಲಿ ಸಂಗ್ರಹಿಸಿ ಹೇಳುವುದು ನಮ್ಮ ಉದ್ದೇಶವಲ್ಲ. ಆ ಸಾಹಿತ್ಯವನ್ನು ಓದತಕ್ಕ ರೀತಿ ಯಾವುದು, ಅದರಲ್ಲಿ ಸಿದ್ಧವಾದದ್ದೆಷ್ಟು, ಸಿದ್ಧವಾಯಿತೆಂದು ಪಠ್ಯಪುಸ್ತಕಗಳು ನಂಬಿಸಿದ್ದೆಷ್ಟು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ವಿಷಯ.

ಈ ವಿವೇಚನೆಗೆ ನಿಮಿತ್ತವಾದದ್ದು ನಮ್ಮ ವಿಭಾಗದ ತರಗತಿಯಲ್ಲಿ ಎದ್ದ ಒಂದು ಪ್ರಶ್ನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಒಕ್ಕಲುತನದ ಮನೆಗಳವರು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಎರೆಭೂಮಿಯಲ್ಲಿ ಕಬ್ಬು, ಸೋಯಾಬೀನು, ಶೇಂಗಾ, ಕಡಲೆ, ನಿಪ್ಪಾಣಿಯ ಕಡೆ ತಂಬಾಕು ಬೆಳೆಯುವವರು. ಸೋಯಾಬೀನಿನ ಬೇರುಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ವರ್ಗದ ಏಕಾಣುಜೀವಿಗಳು ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸುತ್ತವೆಂದೂ, ಆ ಕಾರ್ಯವನ್ನು ನಡೆಸುವ ಕಿಣ್ವದ ಹೃದಯದಲ್ಲಿ ಕಬ್ಬಿಣ, ಗಂಧಕ, ಮಾಲಿಬ್ಡಿನಂಗಳ ಗುಚ್ಛವೊಂದಿರುವುದೆಂದೂ, ಅದನ್ನು ಹೋಲುವ ಗುಚ್ಛಗಳನ್ನು ರಸಾಯನಜ್ಞರು 1978ರಲ್ಲಿಯೇ ಪ್ರಯೋಗಶಾಲೆಯಲ್ಲಿ ನಿರ್ಮಿಸಿದರೆಂದೂ ಪಾಠ ಹೇಳಿ ಮುಗಿಸುವಷ್ಟರಲ್ಲಿ ರಾಯಬಾಗದ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ್, ಗುಚ್ಛ ಮಾಡಿ ಇಷ್ಟು ವರ್ಷ ಆದ ಮೇಲೂ ನಾವು ಯೂರಿಯಾ ಯಾಕೆ ಕೊಳ್ಳಬೇಕು?" ಎಂದು ಕೇಳಿದನು. ತರಗತಿ ನಕ್ಕಿತು. ನಾವು ನಗಲಿಲ್ಲ, ಏಕೆಂದರೆ ಉತ್ತರವು ನಮ್ಮ ಬಳಿ ಸಿದ್ಧವಾಗಿರಲಿಲ್ಲ. "ಹೋಲುವ" ಎಂಬ ಒಂದು ಶಬ್ದವನ್ನು ನಾವು ಎಷ್ಟು ಸಡಿಲವಾಗಿ ಬಳಸಿದ್ದೆವೆಂಬುದು ಆ ಪ್ರಶ್ನೆಯಿಂದಲೇ ನಮಗೆ ಹೊಳೆಯಿತು.

ಮೊದಲು ಪದಗಳ ವಿಷಯ. ಹಲವು ಲೋಹಪರಮಾಣುಗಳು ಪರಸ್ಪರ ಸಮೀಪದಲ್ಲಿ ಕೂಡಿ ಒಂದೇ ಘಟಕದಂತೆ ವರ್ತಿಸುವ ರಚನೆಯನ್ನು ನಾವು ಗುಚ್ಛವೆಂದು ಕರೆದಿದ್ದೇವೆ. ಗೊಂಚಲು ಎಂದರೂ ಸಲ್ಲುತ್ತದೆ; ಆದರೆ ಗೊಂಚಲಿನಲ್ಲಿ ಕಾಯಿಗಳು ಒಂದೇ ತೊಟ್ಟಿಗೆ ಜೋತುಬೀಳುತ್ತವೆ, ಇಲ್ಲಿ ಪರಮಾಣುಗಳು ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಘನದ ಎಂಟು ಮೂಲೆಗಳಲ್ಲಿ ಒಂದು ಬಿಟ್ಟು ಒಂದರಂತೆ ನಾಲ್ಕು ಲೋಹ, ನಾಲ್ಕು ಗಂಧಕ ಕುಳಿತರೆ ಅದು ಘನಾಕೃತಿಯ ಗುಚ್ಛ. ನಾಲ್ಕು ಕಬ್ಬಿಣಗಳಲ್ಲೊಂದರ ಸ್ಥಾನದಲ್ಲಿ ಬೇರೆ ಲೋಹವು ಬಂದರೆ ಅದನ್ನು ಅನ್ಯಲೋಹಯುಕ್ತ ಗುಚ್ಛವೆಂದು ಹೇಳುತ್ತೇವೆ.

ಕಬ್ಬಿಣಕ್ಕೂ ಗಂಧಕಕ್ಕೂ ಇರುವ ಒಲವು ನಮ್ಮ ಭಾಗದವರಿಗೆ ಹೊಸ ಸಂಗತಿಯಲ್ಲ. ನೀರು ನಿಂತು ಕೊಳೆತ ಹಳ್ಳದ ತಳದ ಕೆಸರನ್ನು ಕೆದಕಿದರೆ ಏಳುವ ದುರ್ಗಂಧವು ಗಂಧಕದ ಜಲಜನಕ ಸಂಯುಕ್ತದ್ದು. ಕೆಸರಿನ ಕಪ್ಪು ಬಣ್ಣಕ್ಕೆ ಬಹುಪಾಲು ಕಾರಣ ಕಬ್ಬಿಣದ ಸಲ್ಫೈಡು. ಗಾಳಿ ತಗುಲಿದಂತೆ ಆ ಕಪ್ಪು ಮಾಸಿ ಕಂದುಬಣ್ಣಕ್ಕೆ ತಿರುಗುತ್ತದೆ. ಪ್ರಯೋಗಶಾಲೆಯಲ್ಲಿ ಕಬ್ಬಿಣ-ಗಂಧಕ ಗುಚ್ಛಗಳನ್ನು ಮಾಡಹೊರಟವನಿಗೆ ಎದುರಾಗುವ ಎರಡು ಶತ್ರುಗಳು ಈ ಹಳ್ಳದಲ್ಲಿಯೇ ಕಾಣುತ್ತವೆ: ಒಂದು, ಎಲ್ಲವೂ ಕೂಡಿ ಕರಗದ ಕಪ್ಪು ಅವಕ್ಷೇಪವಾಗಿ ತಳ ಸೇರುವ ಸ್ವಭಾವ; ಎರಡು, ಗಾಳಿಯ ಆಮ್ಲಜನಕ. ಮೊದಲನೆಯದನ್ನು ತಡೆಯಲು ಗುಚ್ಛದ ಹೊರಮೈಗೆ ಥಯೋಲುಗಳಂತಹ ಸಾವಯವ ಕವಚವನ್ನು ತೊಡಿಸಬೇಕು; ಎರಡನೆಯದನ್ನು ತಡೆಯಲು ಕೆಲಸವನ್ನೆಲ್ಲ ಆಮ್ಲಜನಕವಿಲ್ಲದ ಪೆಟ್ಟಿಗೆಯಲ್ಲಿ ನಡೆಸಬೇಕು. ಆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ತುಂಬುವ ಅನಿಲ ಸಾರಜನಕ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಅದರ ಅವಶ್ಯಕತೆ ಬೀಳುತ್ತದೆ.

ಚರಿತ್ರೆಯನ್ನು ದೀರ್ಘವಾಗಿ ಹೇಳಬೇಕಾಗಿಲ್ಲ. 1858ರಲ್ಲಿ ರೂಸ್ಸೇನನು ಸಿದ್ಧಪಡಿಸಿದ ಕಪ್ಪು ಲವಣವು ಕಬ್ಬಿಣ-ಗಂಧಕ ಗುಚ್ಛವೇ ಆಗಿದ್ದರೂ ಅದರ ಸ್ವರೂಪವು ತಿಳಿಯಲು ಮುಂದಿನ ಶತಮಾನದವರೆಗೆ ಕಾಯಬೇಕಾಯಿತು. 1962ರಲ್ಲಿ ಮಾರ್ಟೆನ್ಸನ್, ವ್ಯಾಲೆಂಟೈನ್, ಕಾರ್ನಹಾನ್ ಇವರು ಒಂದು ಅವಾಯುಜೀವಿಯಿಂದ ಫೆರಿಡಾಕ್ಸಿನ್ ಎಂಬ ಕಬ್ಬಿಣದ ಪ್ರೋಟೀನನ್ನು ಬೇರ್ಪಡಿಸಿದರು. ಹತ್ತು ವರ್ಷಗಳ ಅನಂತರ, 1972ರಲ್ಲಿ, ಹೋಮ್ ಎಂಬ ರಸಾಯನಜ್ಞನ ತಂಡವು ನಾಲ್ಕು ಕಬ್ಬಿಣ ನಾಲ್ಕು ಗಂಧಕದ ಘನಾಕೃತಿಯನ್ನು ಪ್ರೋಟೀನಿನ ನೆರವಿಲ್ಲದೆ ಪಾತ್ರೆಯಲ್ಲಿ ನಿರ್ಮಿಸಿ ತೋರಿಸಿತು. ಫೆರಿಕ್ ಕ್ಲೋರೈಡು, ಸಲ್ಫೈಡು, ಥಯೋಲು ಇವುಗಳನ್ನು ಮಿಥನಾಲಿನಲ್ಲಿ ಕೂಡಿಸಿದರೆ ಎಂಟು ಪರಮಾಣುಗಳು ತಾವಾಗಿಯೇ ಘನವಾಗಿ ಜೋಡಣೆಗೊಳ್ಳುತ್ತವೆಂಬುದು ಆಗ ಬೆರಗು ಹುಟ್ಟಿಸಿದ ವಿಷಯ. ಪ್ರೋಟೀನು ಈ ಗುಚ್ಛಕ್ಕೆ ಸೂಲಗಿತ್ತಿಯಲ್ಲ, ಬರಿಯ ಆಶ್ರಯದಾತೃವೆಂಬ ಭಾವನೆ ಅಂದಿನಿಂದ ಬೇರೂರಿತು. ಮಾಲಿಬ್ಡಿನಂ ಗುಚ್ಛದ ವಿಷಯದಲ್ಲಿ ಇದೇ ಭಾವನೆ ಮುಂದೆ ಸಂಶೋಧಕರನ್ನು ದಾರಿ ತಪ್ಪಿಸಿತೆಂಬುದು ನಮ್ಮ ಅಭಿಪ್ರಾಯ.

ಸಾರಜನಕ ಸ್ಥಿರೀಕರಣಕ್ಕೆ ಮಾಲಿಬ್ಡಿನಂ ಬೇಕೆಂಬುದನ್ನು 1930ರಲ್ಲಿ ಬೋರ್ಟೆಲ್ಸನು ಅಜೋಟೋಬ್ಯಾಕ್ಟರ್ ಎಂಬ ಏಕಾಣುಜೀವಿಯ ಮೇಲೆ ಪ್ರಯೋಗ ಮಾಡಿ ತೋರಿಸಿದ್ದನು. 1977ರಲ್ಲಿ ಷಾ ಮತ್ತು ಬ್ರಿಲ್ ಇವರು ಕಿಣ್ವದಿಂದ ಕಬ್ಬಿಣ-ಮಾಲಿಬ್ಡಿನಂ ಸಹಕಾರಿಯನ್ನು ದ್ರಾವಣರೂಪದಲ್ಲಿ ಹೊರತೆಗೆದರು. ಮರುವರ್ಷವೇ ಕ್ಷ-ಕಿರಣಗಳ ಹೀರಿಕೆಯ ಸೂಕ್ಷ್ಮ ಏರಿಳಿತಗಳನ್ನು ಪರಿಶೀಲಿಸಿ, ಮಾಲಿಬ್ಡಿನಂನ ನೆರೆಯಲ್ಲಿ ಗಂಧಕಗಳೂ, ಸುಮಾರು 2.7 ಆಂಗ್‌ಸ್ಟ್ರಾಂ ದೂರದಲ್ಲಿ ಕಬ್ಬಿಣಗಳೂ ಇವೆಯೆಂದು ನಿರ್ಧರಿಸಲಾಯಿತು. ಅದೇ 1978ರಲ್ಲಿ ಅಮೆರಿಕದಲ್ಲಿ ಹೋಮನ ತಂಡವೂ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕ್ರಿಸ್ಟೂ, ಗಾರ್ನರ್ ಇವರೂ ಒಬ್ಬರಿಂದೊಬ್ಬರು ಸ್ವತಂತ್ರವಾಗಿ ಮಾಲಿಬ್ಡಿನಂ-ಕಬ್ಬಿಣ-ಗಂಧಕದ ಘನಾಕೃತಿಗಳನ್ನು ಪ್ರಕಟಿಸಿದರು.

ವಿಧಾನವು ಹೇಳಲು ಸರಳ. ನಾಲ್ಕು ಗಂಧಕಗಳಿಂದ ಸುತ್ತುವರಿದ ಮಾಲಿಬ್ಡಿನಂನ ಕೆಂಪು ಲವಣವನ್ನು ಫೆರಿಕ್ ಕ್ಲೋರೈಡು ಹಾಗೂ ಥಯೋಲಿನ ಸೋಡಿಯಂ ಲವಣದೊಡನೆ ಕೂಡಿಸಿ, ದೊಡ್ಡ ಧನ ಅಯಾನುಗಳನ್ನು ಹಾಕಿ ಸ್ಫಟಿಕಗಳನ್ನು ಪಡೆಯುವುದು. ಆದರೆ ಪಡೆದದ್ದು ಏನು? ಒಂದೇ ಘನವಲ್ಲ, ಎರಡು. ಪ್ರತಿಯೊಂದು ಘನದಲ್ಲಿಯೂ ಒಂದು ಮಾಲಿಬ್ಡಿನಂ, ಮೂರು ಕಬ್ಬಿಣ, ನಾಲ್ಕು ಗಂಧಕ. ಎರಡೂ ಮಾಲಿಬ್ಡಿನಂಗಳು ಮೂರು ಗಂಧಕಸೇತುವೆಗಳಿಂದ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಒಂದು ಸಂಯುಕ್ತದಲ್ಲಿ ಮೂರು ಸೇತುವೆಗಳೂ ಥಯೋಲಿನವು. ಮತ್ತೊಂದರಲ್ಲಿ ಎರಡು ಥಯೋಲು, ಒಂದು ಬರಿಯ ಗಂಧಕ. ಇನ್ನೊಂದರಲ್ಲಿ ಎರಡು ಘನಗಳ ನಡುವೆ ಏಳನೆಯ ಕಬ್ಬಿಣವೊಂದು ನುಸುಳಿ ಕುಳಿತಿರುತ್ತದೆ. ಒಂದೇ ಬಗೆಯ ಮೂಲದ್ರವ್ಯಗಳಿಂದ, ಪ್ರಮಾಣ ಮತ್ತು ಸನ್ನಿವೇಶಗಳು ಸ್ವಲ್ಪ ಬದಲಾದರೆ ಇಷ್ಟು ವೈವಿಧ್ಯ. ತಾವಾಗಿಯೇ ಜೋಡಣೆಗೊಳ್ಳುತ್ತವೆಂಬ ಮಾತಿನಲ್ಲಿ ಎಷ್ಟು ಸತ್ಯವಿದೆಯೋ, ತಾವು ಬಯಸಿದಂತೆಯೇ ಜೋಡಣೆಗೊಳ್ಳುತ್ತವೆಂಬುದರಲ್ಲಿ ಅಷ್ಟೇ ಸತ್ಯವಿದೆ.

ಎರಡು ಘನಗಳು ಪರಸ್ಪರ ಮುಖವಿಟ್ಟು ನಿಂತಿರುವಾಗ ಮಾಲಿಬ್ಡಿನಂಗೆ ಹೊರಗಿನ ಅಣುವೊಂದನ್ನು ಹಿಡಿಯಲು ಕೈ ಬಿಡುವಿಲ್ಲ. ಕಿಣ್ವದಲ್ಲಿ ಕೆಲಸಮಾಡಬೇಕಾದ ಲೋಹವೇ ಇಲ್ಲಿ ಕಟ್ಟಿಹಾಕಲ್ಪಟ್ಟಿದೆ. ಈ ದೋಷವನ್ನು ಸಂಶೋಧಕರು ಬೇಗನೆ ಮನಗಂಡರೆಂಬುದು ಅವರ ಪ್ರಶಂಸೆಗೆ ಅರ್ಹವಾದ ಸಂಗತಿ. ಏಳನೆಯ ಕಬ್ಬಿಣವುಳ್ಳ ಸಂಯುಕ್ತವನ್ನು ಕೆಟಕಾಲಿನ ಸಂತತಿಯ ಅಣುಗಳೊಡನೆ ವರ್ತಿಸಗೊಟ್ಟರೆ ಆ ನಡುವಣ ಕಬ್ಬಿಣವು ಕಳಚಿಕೊಳ್ಳುತ್ತದೆ. ಮಾಲಿಬ್ಡಿನಂನ ಎರಡು ಕೈಗಳನ್ನು ಕೆಟಕಾಲಿನ ಆಮ್ಲಜನಕಗಳು ಹಿಡಿಯುತ್ತವೆ. ತಕ್ಕ ದ್ರಾವಕದಲ್ಲಿ ಒಂಟಿ ಘನಗಳು ದೊರೆಯುತ್ತವೆ. ಅವುಗಳಲ್ಲಿ ಮಾಲಿಬ್ಡಿನಂನ ಮೂರನೆಯ ಕೈಯಲ್ಲಿ ಬದಲಾಯಿಸಬಲ್ಲ ದ್ರಾವಕದ ಅಣುವಿರುತ್ತದೆ. ಇಡೀ ಸಾಹಿತ್ಯದಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದ ಅಧ್ಯಾಯಗಳಲ್ಲಿ ಇದೊಂದು. ಮೊದಲಿನ ಸಂಶ್ಲೇಷಣೆಯಲ್ಲಿ ಅದೃಷ್ಟದ ಪಾಲಿತ್ತು. ಇಲ್ಲಿ ವಿಚಾರದ ಪಾಲು ಹೆಚ್ಚು.

ವಿಚಾರಪೂರ್ವಕವಾದ ಇನ್ನೊಂದು ಮಾರ್ಗವೂ ಉಂಟು. ಮೂರು ಕಬ್ಬಿಣಗಳು ಒಂದೇ ಸಾಲಿನಲ್ಲಿ ನಿಂತು ನಾಲ್ಕು ಗಂಧಕಗಳಿಂದ ಹೆಣೆದುಕೊಂಡ ನೇರ ಗುಚ್ಛವೊಂದನ್ನು 1980ರ ದಶಕದ ಆರಂಭದಲ್ಲಿ ಸಿದ್ಧಪಡಿಸಲಾಗಿತ್ತು. ಅದಕ್ಕೆ ಎಲೆಕ್ಟ್ರಾನುಗಳನ್ನು ನೀಡಬಲ್ಲ ನಿಕ್ಕಲಿನ ಸಂಯುಕ್ತವನ್ನು ಕೂಡಿಸಿದರೆ ಆ ನೇರ ಸಾಲು ಮಡಿಚಿಕೊಂಡು, ನಿಕ್ಕಲನ್ನು ನಾಲ್ಕನೆಯ ಮೂಲೆಯಾಗಿ ಒಳಗೊಂಡು ಘನವಾಗುತ್ತದೆಂಬುದನ್ನು 1990ರಲ್ಲಿ ಚ್ಯುರ್ಲಿ, ಹೋಮ್, ಮ್ಯುಂಕ್ ಮೊದಲಾದವರು ಪ್ರಕಟಿಸಿದರು. ವೆನೇಡಿಯಂ ಘನವನ್ನು 1986ರಲ್ಲಿ ಕೋವಾಕ್ಸ್ ಮತ್ತು ಹೋಮ್ ಇವರು ಸಾಧಿಸಿದ್ದರು. ಮಾಲಿಬ್ಡಿನಂಗೆ ಬದಲಾಗಿ ವೆನೇಡಿಯಂ ಉಳ್ಳ ಸಾರಜನಕ ಕಿಣ್ವವು ಇದೆಯೆಂದು ಜೀವರಸಾಯನಜ್ಞರು ದೃಢಪಡಿಸಿದ್ದೂ ಅದೇ ವರ್ಷ. ಅದಕ್ಕೂ ಮೊದಲೇ ಪ್ರಕೃತಿಯು ಇದೇ ತಂತ್ರವನ್ನು ಬಲ್ಲದೆಂಬ ಸೂಚನೆ ದೊರೆಯುತ್ತಿತ್ತು. ನಾವು ಹೇಳಿದ ಕಪ್ಪು ಕೆಸರಿನಂತಹ ನೆಲೆಗಳಲ್ಲಿ ಬಾಳುವ ಡಿಸಲ್ಫೋವಿಬ್ರಿಯೊ ಕುಲದ ಒಂದು ಜೀವಿಯ ಫೆರಿಡಾಕ್ಸಿನಿನಲ್ಲಿ ಘನದ ಒಂದು ಮೂಲೆ ಬರಿದಾಗಿರುತ್ತದೆ. ಆ ಬರಿದು ಮೂಲೆಯಲ್ಲಿ 1986ರಲ್ಲಿ ಕೋಬಾಲ್ಟನ್ನೂ ಮರುವರ್ಷ ಸತುವನ್ನೂ ಕೂಡಿಸಲಾಯಿತು. ಪ್ರೋಟೀನಿಲ್ಲದೆ ಅಂತಹ ಬರಿದುಮೂಲೆಯ ಗುಚ್ಛವನ್ನು ಮಾಡುವುದು ಎಷ್ಟು ಕಠಿಣವೆಂದರೆ, ಮೂರು ಕಬ್ಬಿಣಗಳನ್ನು ಒಂದೇ ಅಣುವಿನ ಮೂರು ಬಾಹುಗಳಿಂದ ಹಿಡಿದು ನಾಲ್ಕನೆಯದನ್ನು ಮಾತ್ರ ಕಿತ್ತು ತೆಗೆಯುವ ಉಪಾಯವು ಹೋಮನ ಶಾಲೆಯಲ್ಲಿ 1995ರ ಹೊತ್ತಿಗೆ ಮಾತ್ರ ಕೈಗೂಡಿತು.

ಸಂಶ್ಲೇಷಣೆಯ ಮಾತು ಇಷ್ಟು. ಸ್ವರೂಪನಿರ್ಣಯದ ಮಾತು ಇದಕ್ಕಿಂತ ತೊಡಕಿನದು. ನಮ್ಮ ಆಕ್ಷೇಪಣೆಗಳಲ್ಲಿ ಮುಖ್ಯವಾದವು ಅಲ್ಲಿಯೇ ಇವೆ.

ಸ್ಫಟಿಕದ ಮೇಲೆ ಕ್ಷ-ಕಿರಣಗಳನ್ನು ಬೀರಿ ರಚನೆಯನ್ನು ನಿರ್ಧರಿಸುವ ವಿಧಾನವು ಪ್ರಶ್ನಾತೀತವೆಂಬ ಗೌರವ ನಮ್ಮ ವಿದ್ಯಾರ್ಥಿಗಳಲ್ಲಿದೆ. ಅದು ಯುಕ್ತವಾದ ಗೌರವವೇ. ಆದರೂ ಕ್ಷ-ಕಿರಣಗಳಿಗೆ ಕಾಣುವುದು ಎಲೆಕ್ಟ್ರಾನುಗಳ ಸಾಂದ್ರತೆ. ಕಬ್ಬಿಣದಲ್ಲಿ 26 ಎಲೆಕ್ಟ್ರಾನುಗಳು, ಮಾಲಿಬ್ಡಿನಂನಲ್ಲಿ 42, ಟಂಗ್‌ಸ್ಟನ್ನಿನಲ್ಲಿ 74. ಇವುಗಳನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಆದರೆ ಕೋಬಾಲ್ಟಿನಲ್ಲಿ 27, ನಿಕ್ಕಲಿನಲ್ಲಿ 28. ಘನದ ನಾಲ್ಕು ಮೂಲೆಗಳಲ್ಲಿ ಯಾವುದು ಕಬ್ಬಿಣ, ಯಾವುದು ಕೋಬಾಲ್ಟ್ ಎಂಬುದನ್ನು ಈ ವಿಧಾನವೊಂದರಿಂದಲೇ ಹೇಳುವುದು ಸಾಹಸ. ಸ್ಫಟಿಕದಲ್ಲಿ ಅಣುಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ಕುಳಿತಿದ್ದರಂತೂ ನಾಲ್ಕು ಮೂಲೆಗಳೂ ಒಂದೇ ಬಗೆಯವಾಗಿ ಕಾಣುತ್ತವೆ. ಅಂತಹ ಸಂದರ್ಭದಲ್ಲಿ ಪರಮಾಣುಗಳ ಪ್ರಮಾಣವನ್ನು ರಾಸಾಯನಿಕ ವಿಶ್ಲೇಷಣೆಯಿಂದಲೂ, ಕಬ್ಬಿಣದ ಸ್ಥಿತಿಯನ್ನು ಮ್ಯೋಸ್‌ಬೌಅರ್ ರೋಹಿತದಿಂದಲೂ ದೃಢಪಡಿಸಲೇಬೇಕು. ಮ್ಯೋಸ್‌ಬೌಅರನ ವಿಧಾನದ ಗುಣವೇನೆಂದರೆ ಅದು 57 ತೂಕದ ಕಬ್ಬಿಣವನ್ನು ಮಾತ್ರ ಕಾಣುತ್ತದೆ. ನಿಸರ್ಗದ ಕಬ್ಬಿಣದಲ್ಲಿ ಅದರ ಭಾಗ ನೂರಕ್ಕೆ ಎರಡರಷ್ಟು. ಅನ್ಯಲೋಹದ ವಿಷಯದಲ್ಲಿ ಅದು ಕುರುಡು. ಆ ಕುರುಡುತನವೇ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ: ನಾಲ್ಕರಲ್ಲಿ ಮೂರು ಮಾತ್ರ ಮಾತನಾಡಿದರೆ ನಾಲ್ಕನೆಯದು ಬೇರೆಯೆಂದು ಊಹಿಸಬಹುದು. ವಿಶ್ಲೇಷಣೆಯ ಅಂಕಿಗಳನ್ನು ಕೊಡದೆ ಒಂದು ರಚನಾಚಿತ್ರವನ್ನು ಮಾತ್ರ ಮುಂದಿಡುವ ಲೇಖನಗಳನ್ನು ನಮ್ಮ ವಿದ್ಯಾರ್ಥಿಗಳು ಎರಡು ಬಾರಿ ಓದಿ ಒಂದು ಬಾರಿ ನಂಬಬೇಕು.

ಇನ್ನು ಎಲೆಕ್ಟ್ರಾನು ಗಿರಕಿಯ ಅನುರಣನ ರೋಹಿತ. ಕಿಣ್ವದ ಗುಚ್ಛವು ಸ್ವಾಭಾವಿಕ ಸ್ಥಿತಿಯಲ್ಲಿ ಮೂರು ಜೋಡಿಯಿಲ್ಲದ ಎಲೆಕ್ಟ್ರಾನುಗಳಿದ್ದಂತೆ ವರ್ತಿಸುತ್ತದೆ; ಅಂದರೆ ಅದರ ಒಟ್ಟು ಗಿರಕಿ ಮೂರರ ಅರ್ಧ. ಪಾತ್ರೆಯಲ್ಲಿ ಮಾಡಿದ ಮಾಲಿಬ್ಡಿನಂ ಘನವೂ ತಕ್ಕ ಉತ್ಕರ್ಷಣ ಸ್ಥಿತಿಯಲ್ಲಿ ಅದೇ ಸಂಖ್ಯೆಯನ್ನು ತೋರಿಸುತ್ತದೆ. ಈ ಸಾಮ್ಯವು ಮೊದಲು ಉತ್ಸಾಹವನ್ನು ಉಂಟುಮಾಡಿತು. ಆದರೆ ವೆನೇಡಿಯಂ ಘನವೂ ಅದೇ ಸಂಖ್ಯೆಯನ್ನು ತೋರಿಸುತ್ತದೆ! ಒಂದೇ ಎತ್ತರದ ಇಬ್ಬರನ್ನು ಕಂಡು ಅಣ್ಣತಮ್ಮಂದಿರೆಂದು ತೀರ್ಮಾನಿಸಬಾರದು. ಗಿರಕಿಯ ಸಂಖ್ಯೆಯು ಹಲವು ಪರಮಾಣುಗಳ ಪರಸ್ಪರ ಕಾಂತೀಯ ಸಂಬಂಧದ ಒಟ್ಟು ಫಲ. ಫಲ ಒಂದೇ ಇದ್ದರೂ ಅಲ್ಲಿಗೆ ತಲುಪಿದ ದಾರಿಗಳು ಹಲವಿರಬಹುದು.

ಇದಕ್ಕಿಂತ ದೊಡ್ಡ ಪಾಠವನ್ನು ಕಿಣ್ವವೇ ಕಲಿಸಿತು. 1992ರಲ್ಲಿ ಕಿಮ್ ಮತ್ತು ರೀಸ್ ಇವರು ಅಜೋಟೋಬ್ಯಾಕ್ಟರಿನ ಕಿಣ್ವದ ರಚನೆಯನ್ನು ಪ್ರಕಟಿಸಿದಾಗ ಸಹಕಾರಿಯ ಚಿತ್ರವು ಮೊದಲಬಾರಿಗೆ ಲೋಕಕ್ಕೆ ಕಾಣಿಸಿತು. ಅದು ಒಂದು ಘನವಲ್ಲ. ಒಂದು ಮೂಲೆ ಕಡಿಮೆಯಾದ ಎರಡು ಘನಗಳು, ಒಂದರಲ್ಲಿ ಮಾಲಿಬ್ಡಿನಂ ಮತ್ತು ಮೂರು ಕಬ್ಬಿಣ, ಮತ್ತೊಂದರಲ್ಲಿ ನಾಲ್ಕು ಕಬ್ಬಿಣ, ಮೂರು ಗಂಧಕಸೇತುವೆಗಳಿಂದ ಕೂಡಿಕೊಂಡಿದ್ದವು. ನಡುವೆ ಆರು ಕಬ್ಬಿಣಗಳು ಸುತ್ತುವರಿದ ಒಂದು ಬರಿದು ಕೋಣೆ. ಕಬ್ಬಿಣಗಳಿಗೆ ಮೂರೇ ನೆರೆಗಳಿರುವುದು ವಿಚಿತ್ರವೆಂದು ಅಂದೇ ಹಲವರಿಗೆ ಅನ್ನಿಸಿತ್ತು. ಆದರೂ ಕಂಡದ್ದನ್ನು ಅಲ್ಲಗಳೆಯುವುದು ಹೇಗೆ? ಆ ಬರಿದು ಕೋಣೆಯಲ್ಲಿಯೇ ಸಾರಜನಕದ ಅಣು ಬಂದು ಕುಳಿತುಕೊಳ್ಳಬಹುದೆಂದು ಸಿದ್ಧಾಂತಗಳೂ ಹುಟ್ಟಿಕೊಂಡವು. 2002ರಲ್ಲಿ ಐನ್ಸ್‌ಲೆ ಮತ್ತು ರೀಸ್ ಮೊದಲಾದವರು 1.16 ಆಂಗ್‌ಸ್ಟ್ರಾಂನಷ್ಟು ಸೂಕ್ಷ್ಮವಾಗಿ ನೋಡಿದಾಗ ಕೋಣೆ ಬರಿದಲ್ಲ, ಅಲ್ಲೊಂದು ಹಗುರವಾದ ಪರಮಾಣುವಿದೆ ಎಂದು ತಿಳಿಯಿತು. ಹತ್ತು ವರ್ಷ ಅದು ಕಾಣದೆಹೋದ ಕಾರಣ ಸ್ವಾರಸ್ಯವಾದುದು. ಅಪೂರ್ಣ ಮಾಹಿತಿಯಿಂದ ಚಿತ್ರವನ್ನು ಕಟ್ಟುವಾಗ ಪ್ರತಿಯೊಂದು ಭಾರವಾದ ಪರಮಾಣುವಿನ ಸುತ್ತಲೂ ನೀರಿನ ತೆರೆಗಳಂತೆ ಸುಳ್ಳು ಏರಿಳಿತಗಳು ಏಳುತ್ತವೆ. ಕೇಂದ್ರದಿಂದ ಆರು ಕಬ್ಬಿಣಗಳೂ ಸಮದೂರದಲ್ಲಿ, ಸುಮಾರು 2 ಆಂಗ್‌ಸ್ಟ್ರಾಂ ಅಂತರದಲ್ಲಿರುವುದರಿಂದ, ಆರು ತೆರೆಗಳ ಇಳಿತವೂ ಕೇಂದ್ರದಲ್ಲಿಯೇ ಕೂಡಿ ಅಲ್ಲಿದ್ದ ನಿಜವಾದ ಪರಮಾಣುವನ್ನು ಅಳಿಸಿಹಾಕಿದ್ದವು. ಉಪಕರಣದ ತಪ್ಪಿರಲಿಲ್ಲ, ಸಂಶೋಧಕರ ಅಲಕ್ಷ್ಯವೂ ಇರಲಿಲ್ಲ. ಆ ಪರಮಾಣು ಇಂಗಾಲವೆಂಬುದನ್ನು ಸ್ಥಾಪಿಸಲು ಮತ್ತೆ ಒಂಬತ್ತು ವರ್ಷ ಹಿಡಿಯಿತು. 2011ರಲ್ಲಿ ಲ್ಯಾಂಕಾಸ್ಟರ್ ಮೊದಲಾದವರು ಕ್ಷ-ಕಿರಣ ಉತ್ಸರ್ಜನ ರೋಹಿತದಿಂದಲೂ, ಸ್ಪಾಟ್ಸಲ್ ಮೊದಲಾದವರು ಇನ್ನೂ ಸೂಕ್ಷ್ಮವಾದ ಸ್ಫಟಿಕಪರೀಕ್ಷೆಯಿಂದಲೂ ಅದನ್ನು ನಿರ್ಣಯಿಸಿದರು.

ಆದುದರಿಂದ ಸಹಕಾರಿಯ ಇಂದಿನ ಲೆಕ್ಕ ಹೀಗಿದೆ: ಒಂದು ಮಾಲಿಬ್ಡಿನಂ, ಏಳು ಕಬ್ಬಿಣ, ಒಂಬತ್ತು ಗಂಧಕ, ನಡುವೆ ಒಂದು ಇಂಗಾಲ, ಮಾಲಿಬ್ಡಿನಂಗೆ ಅಂಟಿಕೊಂಡು ಹೋಮೋಸಿಟ್ರೇಟ್ ಎಂಬ ಸಾವಯವಾಮ್ಲ. ಇದನ್ನು 1978ರ ಘನದ ಪಕ್ಕದಲ್ಲಿಟ್ಟು ನೋಡಿದರೆ "ಹೋಲುವ" ಎಂಬ ಮಾತಿನ ಬೆಲೆ ತಿಳಿಯುತ್ತದೆ. ಮಾಲಿಬ್ಡಿನಂ ಇರುವ ಅರ್ಧಭಾಗದಲ್ಲಿ ಸಾಮ್ಯವು ನಿಜವಾಗಿಯೂ ಆಶ್ಚರ್ಯಕರ. ಲೋಹಗಳ ಅಂತರಗಳು ಬಹುಮಟ್ಟಿಗೆ ಒಂದೇ. ಮಿಕ್ಕ ಅರ್ಧದಲ್ಲಿಯೂ ಕೇಂದ್ರದಲ್ಲಿಯೂ ಸಾಮ್ಯವಿಲ್ಲ. ಹೋಮ್, ಗಾರ್ನರ್ ಇವರು ತಮಗೆ ಅಂದು ತಿಳಿದಿದ್ದ ಸಂಗತಿಗಳಿಗೆ ನಿಷ್ಠರಾಗಿಯೇ ಗುಚ್ಛಗಳನ್ನು ರಚಿಸಿದರು. ಮಾಲಿಬ್ಡಿನಂನ ನೆರೆಹೊರೆಯನ್ನು ಮಾತ್ರ ತೋರಿಸಿದ್ದ ಒಂದು ರೋಹಿತವನ್ನು ಅವರ ಅನಂತರದ ಪಠ್ಯಕಾರರು ಇಡೀ ಮನೆಯ ನಕ್ಷೆಯೆಂದು ಭ್ರಮಿಸಿದ್ದು ತಪ್ಪು. ಮಾಲಿಬ್ಡಿನಂನ ವಿದ್ಯುದಂಶದ ವಿಷಯದಲ್ಲಿಯೂ ಇಂತಹುದೇ ನಡೆಯಿತು. ಅದು ನಾಲ್ಕರ ಸ್ಥಿತಿಯಲ್ಲಿದೆಯೆಂದು ಬಹುಕಾಲ ಬರೆಯಲಾಗುತ್ತಿತ್ತು. 2014ರಲ್ಲಿ ಬ್ಯೋರ್ನ್ಸನ್, ಡಿಬೀರ್ ಮೊದಲಾದವರು ಮೂರರ ಸ್ಥಿತಿಯೆಂದು ತೋರಿಸಿದರು. ಆ ನಿರ್ಣಯಕ್ಕೆ ಅವರಿಗೆ ಹೋಲಿಕೆಯ ಅಳತೆಗೋಲಾಗಿ ಒದಗಿದ್ದು ಪಾತ್ರೆಯಲ್ಲಿ ಮಾಡಿದ ಮಾಲಿಬ್ಡಿನಂ ಘನವೇ. ಗುಚ್ಛಗಳ ನಿಜವಾದ ಪ್ರಯೋಜನ ಇಲ್ಲಿದೆಯೆಂದು ನಾವು ತಿಳಿಯುತ್ತೇವೆ. ಅವು ಕಿಣ್ವದ ಪ್ರತಿಮೆಗಳಲ್ಲ, ಕಿಣ್ವವನ್ನು ಅಳೆಯುವ ತೂಕದ ಕಲ್ಲುಗಳು.

ಪ್ರೋಟೀನು ಬರಿಯ ಆಶ್ರಯದಾತೃವೆಂಬ ಹಳೆಯ ಭಾವನೆಗೂ ಈ ಇಂಗಾಲವು ಏಟು ಕೊಟ್ಟಿತು. 2012ರಲ್ಲಿ ವೀಗ್, ಹೂ, ರಿಬ್ಬೆ ಮೊದಲಾದವರು, ಆ ಇಂಗಾಲವನ್ನು ಮಿಥಿಯೋನಿನ್‌ಜನ್ಯವಾದ ಒಂದು ಅಣುವಿನ ಮೀಥೈಲಿನಿಂದ ಪಡೆದು ಗುಚ್ಛದ ಗರ್ಭದಲ್ಲಿಡುವ ಪ್ರತ್ಯೇಕ ಕಿಣ್ವವೊಂದಿದೆಯೆಂದು ತೋರಿಸಿಕೊಟ್ಟರು. ಗುಚ್ಛವನ್ನು ಬೇರೆ ಪ್ರೋಟೀನುಗಳ ಮೇಲೆ ಹಂತಹಂತವಾಗಿ ಕಟ್ಟಿ, ಮುಗಿದ ಮೇಲೆ ಅದರ ಸ್ಥಾನಕ್ಕೆ ಸಾಗಿಸಲಾಗುತ್ತದೆ. ಇಲ್ಲಿ ಸೂಲಗಿತ್ತಿಯರು ಒಬ್ಬಿಬ್ಬರಲ್ಲ. ಫೆರಿಕ್ ಕ್ಲೋರೈಡನ್ನೂ ಥಯೋಲನ್ನೂ ಮಿಥನಾಲಿನಲ್ಲಿ ಕದಡಿದರೆ ಇದು ತಾನಾಗಿ ಕೂಡಿಬರುತ್ತದೆಂದು ನಿರೀಕ್ಷಿಸಿದ್ದೇ ಹೆಚ್ಚು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಗುಚ್ಛಗಳು ಕೆಲಸ ಮಾಡುತ್ತವೆಯೇ? 1990ರ ದಶಕದಲ್ಲಿ ಕೌಕೌವಾನಿಸನ ತಂಡವು ಮಾಲಿಬ್ಡಿನಂ ಘನಗಳು ಹೈಡ್ರಜೀನನ್ನು ಅಮೋನಿಯವಾಗಿ ಒಡೆಯಬಲ್ಲವೆಂದು ತೋರಿಸಿತು. ಆದರೆ ಹೈಡ್ರಜೀನಿನಲ್ಲಿ ಎರಡು ಸಾರಜನಕಗಳ ನಡುವೆ ಒಂದೇ ಬಂಧ. ಗಾಳಿಯ ಸಾರಜನಕದಲ್ಲಿ ಮೂರು. ಅರ್ಧ ಇಳಿದ ಘಟ್ಟದಲ್ಲಿ ಗಾಡಿ ಹೊಡೆದವನನ್ನು ಘಟ್ಟ ಹತ್ತಿದನೆಂದು ಹೇಳಲಾಗದು. ಇತ್ತ, ಗಾಳಿಯ ಸಾರಜನಕವನ್ನೇ ಅಮೋನಿಯವಾಗಿಸುವ ಒಂಟಿಲೋಹದ ಸಂಯುಕ್ತಗಳು ಬಂದವು: 2003ರಲ್ಲಿ ಯಾಂಡುಲೋವ್ ಮತ್ತು ಶ್ರಾಕ್ ಇವರ ಮಾಲಿಬ್ಡಿನಂ ಸಂಯುಕ್ತ, 2013ರಲ್ಲಿ ಪೀಟರ್ಸನ ತಂಡದ ಕಬ್ಬಿಣದ ಸಂಯುಕ್ತ. ಇವುಗಳಲ್ಲಿ ಗುಚ್ಛವೂ ಇಲ್ಲ, ಸಲ್ಫೈಡೂ ಇಲ್ಲ. ಹೀಗೆ ರೂಪವಿದ್ದಲ್ಲಿ ಕಾರ್ಯವಿಲ್ಲ, ಕಾರ್ಯವಿದ್ದಲ್ಲಿ ರೂಪವಿಲ್ಲ ಎಂಬ ಸ್ಥಿತಿ ಬಹುಕಾಲ ನಡೆಯಿತು.

ವಾಚಕರು ಈಗ ಆ ಸಾರಜನಕ ತುಂಬಿದ ಪೆಟ್ಟಿಗೆಯನ್ನು ನೆನೆಯಬೇಕು. 1978ರಿಂದ ನಾಲ್ಕು ದಶಕಗಳ ಕಾಲ ಸಾರಜನಕ ಕಿಣ್ವದ ಪ್ರತಿರೂಪಗಳೆಂದು ಹೇಳಲಾದ ಗುಚ್ಛಗಳನ್ನು ಬಹುಮಟ್ಟಿಗೆ ಸಾರಜನಕದ ವಾತಾವರಣದಲ್ಲಿಯೇ ಮಾಡಲಾಯಿತು, ತೊಳೆಯಲಾಯಿತು, ಸ್ಫಟಿಕಗೊಳಿಸಲಾಯಿತು. ಗುಚ್ಛಗಳು ಅದನ್ನು ತಿರುಗಿ ಕೂಡ ನೋಡಲಿಲ್ಲ! ಜಡ ಅನಿಲವೆಂಬ ವಿಶ್ವಾಸದಿಂದ ಸಾರಜನಕವನ್ನು ಪೆಟ್ಟಿಗೆಗೆ ತುಂಬಿದ ಕೈಯೇ, ಸಾರಜನಕವನ್ನು ಹಿಡಿಯುವ ಗುಚ್ಛದ ಪ್ರತಿರೂಪವೆಂದು ಲೇಖನದ ಮೊದಲ ವಾಕ್ಯವನ್ನೂ ಬರೆದಿತು. ಈ ವಿರೋಧಾಭಾಸವನ್ನು ಲೇಖಕರೇ ಎತ್ತಿ ಆಡಿದ್ದು ನಮ್ಮ ಓದಿನಲ್ಲಿ ವಿರಳ.

ಈ ಮೌನವು ಮುರಿದದ್ದು ಈಚೆಗೆ. 2021ರಲ್ಲಿ ಮ್ಯಾಕ್‌ಸ್ಕಿಮಿಂಗ್ ಮತ್ತು ಸ್ಯೂಸ್ ಇವರು ಮಾಲಿಬ್ಡಿನಂ-ಕಬ್ಬಿಣ-ಗಂಧಕದ ಘನವೊಂದರ ಕಬ್ಬಿಣದ ಮೂಲೆಯಲ್ಲಿ ಸಾರಜನಕದ ಅಣುವನ್ನು ಕೂರಿಸಿ ತೋರಿಸಿದರು. 2022ರಲ್ಲಿ ಓಹ್ಕಿ ಮೊದಲಾದ ಜಪಾನೀ ರಸಾಯನಜ್ಞರು ಮೂರು ಮಾಲಿಬ್ಡಿನಂ ಮತ್ತು ಒಂದು ಕಬ್ಬಿಣವುಳ್ಳ ಘನದ ಕಬ್ಬಿಣದ ಮೂಲೆಯಲ್ಲಿ ಸಾರಜನಕವನ್ನು ಹಿಡಿದು, ಸಿಲಿಕಾನಿನ ಸಂಯುಕ್ತದೊಡನೆ ಕೂಡಿಸಿ, ವೇಗವರ್ಧಕದ ರೀತಿಯಲ್ಲಿ ಅದರ ಬಂಧವನ್ನು ಸಂಪೂರ್ಣವಾಗಿ ಮುರಿದರು. ಎರಡು ಸಂದರ್ಭಗಳಲ್ಲಿಯೂ ಸಾರಜನಕವನ್ನು ಹಿಡಿದದ್ದು ಮಾಲಿಬ್ಡಿನಂ ಅಲ್ಲ, ಕಬ್ಬಿಣ. ಅನ್ಯಲೋಹವು ಪಕ್ಕದಲ್ಲಿ ನಿಂತು ಕಬ್ಬಿಣಕ್ಕೆ ಬಲವನ್ನು ನೀಡುತ್ತದೆಯೆಂದು ತೋರುತ್ತದೆ. ಅನ್ಯಲೋಹದ ಬಿಡುವಾದ ಕೈಗಾಗಿ ಪಟ್ಟ ಶ್ರಮವನ್ನು ಮೇಲೆ ಹೊಗಳಿದ ನಮಗೂ ಇದು ಸ್ವಲ್ಪ ಮುಜುಗರದ ಸಂಗತಿಯೇ. ಆದರೆ ಇಲ್ಲಿ ಬೇಕಾದ ಅಪಕರ್ಷಕಗಳು ಪೊಟ್ಯಾಸಿಯಂ, ಸೋಡಿಯಂಗಳಂತಹ ಉಗ್ರ ಲೋಹಗಳ ಜಾತಿಯವು; ಬೇರುಗಂಟಿನ ಜೀವಿಯು ಹೊಲದ ಉಷ್ಣತೆಯಲ್ಲಿ ಎಂಟು ಎಲೆಕ್ಟ್ರಾನುಗಳನ್ನೂ ಹದಿನಾರು ಎಟಿಪಿ ಅಣುಗಳನ್ನೂ ವೆಚ್ಚಮಾಡಿ ಎರಡು ಅಮೋನಿಯ ಅಣುಗಳನ್ನು ಪಡೆಯುತ್ತದೆ. ಯೂರಿಯಾ ಕಾರ್ಖಾನೆಯಾದರೋ ಹೇಬರನ ವಿಧಾನದಿಂದ, 400 ಡಿಗ್ರಿ ಸೆಂಟಿಗ್ರೇಡಿಗೂ ಮಿಕ್ಕ ಶಾಖದಲ್ಲಿ, ನೂರಕ್ಕೂ ಮೀರಿದ ವಾಯುಭಾರಗಳ ಒತ್ತಡದಲ್ಲಿ ಅಮೋನಿಯವನ್ನು ಪಡೆಯುತ್ತದೆ. ಪಾತ್ರೆಯ ಗುಚ್ಛವು ಇವೆರಡಕ್ಕೂ ಇನ್ನೂ ಸಾಟಿಯಲ್ಲ. ಯೂರಿಯಾ ಏಕೆ ಕೊಳ್ಳಬೇಕೆಂಬ ಪ್ರಶ್ನೆಗೆ ರಸಾಯನಜ್ಞನ ಪ್ರಾಮಾಣಿಕ ಉತ್ತರ ಇದು.

ಆದರೆ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅದು ಐದು ತಾಲ್ಲೂಕುಗಳ ಮಣ್ಣಿನದು. ನಮ್ಮ ಎರೆಮಣ್ಣು ದಖ್ಖನಿನ ಕಪ್ಪುಶಿಲೆಯು ಸವೆದು ಆದದ್ದು. ಆ ಶಿಲೆಯಲ್ಲಿ ಕಬ್ಬಿಣವು ಹೇರಳ. ಹೀಗಿದ್ದರೂ ಸುಣ್ಣದ ಅಂಶ ಹೆಚ್ಚಾದ ಕ್ಷಾರಸ್ವಭಾವದ ಎರೆಯಲ್ಲಿ ಕಬ್ಬಿಣವು ಕರಗದ ರೂಪದಲ್ಲಿ ಬಿಗಿದುಕೊಂಡಿದ್ದು ಗಿಡಕ್ಕೆ ಎಟುಕುವುದಿಲ್ಲ; ಶೇಂಗಾದ ಎಳೆಯ ಎಲೆಗಳೂ ಕೂಳೆ ಕಬ್ಬಿನ ಗರಿಗಳೂ ನರಗಳ ನಡುವೆ ಹಳದಿಗಟ್ಟುತ್ತವೆ. ಅದಕ್ಕೆ ರೈತರು ಅನ್ನಭೇದಿಯ ದ್ರಾವಣವನ್ನು ಸಿಂಪಡಿಸುವುದುಂಟು. ಮಾಲಿಬ್ಡಿನಂನ ಸ್ವಭಾವ ಇದಕ್ಕೆ ತದ್ವಿರುದ್ಧ: ಆಮ್ಲೀಯ ಮಣ್ಣಿನಲ್ಲಿ ಅಡಗುತ್ತದೆ, ಕ್ಷಾರೀಯ ಮಣ್ಣಿನಲ್ಲಿ ಸುಲಭವಾಗಿ ದೊರೆಯುತ್ತದೆ. ಬೇರುಗಂಟಿಗೆ ಬೇಕಾದ ಕಬ್ಬಿಣವೂ ಅಲ್ಪವಲ್ಲ. ಸಹಕಾರಿಗೆ ಏಳು, ಪಕ್ಕದ ಇನ್ನೊಂದು ಗುಚ್ಛಕ್ಕೆ ಎಂಟು, ಜೊತೆಗೆ ಆಮ್ಲಜನಕದಿಂದ ಕಿಣ್ವವನ್ನು ಕಾಯುವ ಕೆಂಪು ಪ್ರೋಟೀನಿಗೆ ಬೇರೆ. ಬಲಿತ ಗಂಟನ್ನು ಸೀಳಿದಾಗ ಕಾಣುವ ನಸುಗೆಂಪು ಆ ಪ್ರೋಟೀನಿನದು. ಪಠ್ಯಪುಸ್ತಕವು ವಿರಳವಾದ ಮಾಲಿಬ್ಡಿನಂನ ಮೇಲೆ ವಿದ್ಯಾರ್ಥಿಯ ದೃಷ್ಟಿಯನ್ನೆಲ್ಲ ನೆಡಿಸುತ್ತದೆ. ಸುಣ್ಣ ಬೆರೆತ ನಮ್ಮ ಎರೆಹೊಲದಲ್ಲಾದರೋ ಮೊದಲು ವಿಚಾರಿಸತಕ್ಕದ್ದು ಯಾರೂ ಅನ್ಯವೆಂದು ಕರೆಯದ ಆ ಕಬ್ಬಿಣವನ್ನು.

ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವವರಿಗೆ ಒಂದೆರಡು ಮಾತು. ಈ ತಾಲ್ಲೂಕುಗಳ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ, 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೂ ಸೇರಿಕೊಂಡು ಬಂದಿವೆ. ಗಾಳಿಯಿಲ್ಲದ ಪೆಟ್ಟಿಗೆಯಾಗಲಿ ಮ್ಯೋಸ್‌ಬೌಅರ್ ಯಂತ್ರವಾಗಲಿ ಇಲ್ಲದ ಕಾಲೇಜಿನಲ್ಲಿ ಗುಚ್ಛಗಳನ್ನು ಮಾಡಿ ತೋರಿಸಲಾಗದು. ಆದರೆ ಜೂನ್ ತಿಂಗಳಲ್ಲಿ ಬಿತ್ತಿದ ಸೋಯಾಬೀನಿನ ಗಿಡವನ್ನು ಹೂ ಬಿಡುವ ಹೊತ್ತಿಗೆ ಮಣ್ಣುಸಮೇತ ಅಗೆದು ತಂದು ಗಂಟನ್ನು ಸೀಳಿ ತೋರಿಸಬಹುದು. ಹಳ್ಳದ ಕಪ್ಪು ಕೆಸರಿನ ಮೇಲೆ ಎರಡು ಹನಿ ಆಮ್ಲ ಹಾಕಿ ವಾಸನೆಯನ್ನು ದೂರದಿಂದ ತಿಳಿಯಗೊಡಬಹುದು. ಇವೆರಡನ್ನೂ ಕಂಡ ವಿದ್ಯಾರ್ಥಿಗೆ ಎಲೆಕ್ಟ್ರಾನು ಸಾಂದ್ರತೆಯ ನಕ್ಷೆಯ ಬಗ್ಗೆ ಹೇಳುವುದು ಸುಲಭ.

ಪುಸ್ತಕಗಳ ಮಾತು ಮಾತ್ರ ಸುಲಭವಲ್ಲ. ಹಿಂದೊಮ್ಮೆ ಒಂದು ಪರೀಕ್ಷೆಯ ಉತ್ತರಪತ್ರಿಕೆಗಳು ನಮ್ಮ ಕೈಗೆ ಮರುಪರಿಶೀಲನೆಗಾಗಿ ಬಂದಿದ್ದವು. ಸಹಕಾರಿಯ ರಚನೆಯನ್ನು ಬರೆಯಿರೆಂಬುದು ಪ್ರಶ್ನೆ. ಜೊತೆಗೆ ಕಳುಹಿಸಿದ್ದ ಮಾದರಿ ಉತ್ತರದಲ್ಲಿ ಆರು ಕಬ್ಬಿಣಗಳ ನಡುವಣ ಕೋಣೆ ಬರಿದಾಗಿತ್ತು. ಅದು 2002ಕ್ಕಿಂತ ಹಿಂದಿನ ಪುಸ್ತಕದಿಂದ ತೆಗೆದ ಚಿತ್ರವೆಂಬುದು ಸ್ಪಷ್ಟ. ಒಬ್ಬ ವಿದ್ಯಾರ್ಥಿನಿ ನಡುವೆ ಇಂಗಾಲವನ್ನು ಬರೆದಿದ್ದಳು. ಅದರ ಸುತ್ತ ಕೆಂಪು ಶಾಯಿಯ ವೃತ್ತವೊಂದನ್ನು ಹಾಕಿ ಎರಡು ಅಂಕಗಳನ್ನು ಕಳೆಯಲಾಗಿತ್ತು. ಆ ಎರಡು ಅಂಕಗಳನ್ನು ನಾವು ತಿರುಗಿ ಕೊಟ್ಟೆವು. ಮಾದರಿ ಉತ್ತರವನ್ನು ತಿದ್ದಬೇಕೆಂದು ಕಾರಣಸಹಿತವಾಗಿ ಪತ್ರವನ್ನೂ ಬರೆದೆವು.